ಹೆಸರಿದೆ, ಕಡತ ಎಲ್ಲಿದೆ?

ಶಿವಮೊಗ್ಗದಲ್ಲಿ ಕಾಲೇಜೊಂದರ ಎದುರಿಗಿನ ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಒಂಬತ್ತೂವರೆ ಗಂಟೆ. ನಾನು ಪಹಣಿಯ ಎರಡು ಪ್ರತಿ ತೆಗೆಸಲು ನಿಂತಿದ್ದೆ. ನನ್ನ ಮುಂದೆ ಒಬ್ಬ ಹುಡುಗ, ಅವನ ಪಕ್ಕದಲ್ಲಿ ಅವನ ತಂದೆ. ತೀರ್ಥಹಳ್ಳಿ ಕಡೆಯಿಂದ ಮೊದಲ ಬಸ್ಸಿಗೆ ಬಂದವರೆಂದು ಮಾತಿನಲ್ಲೇ ತಿಳಿಯುತ್ತಿತ್ತು. ಹುಡುಗನ ಪ್ರಾಜೆಕ್ಟ್ ವರದಿಯನ್ನು ಹನ್ನೊಂದು ಗಂಟೆಯೊಳಗೆ ಮುದ್ರಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಒಪ್ಪಿಸಬೇಕಿತ್ತು.

ಅಂಗಡಿಯವರು ಪೆನ್ ಡ್ರೈವ್ ಸಿಕ್ಕಿಸಿದರು. ತೆರೆಯ ಮೇಲೆ ವರದಿಯ ಹೆಸರು ಚೆನ್ನಾಗಿಯೇ ಮೂಡಿತು. ಎರಡು ಸಲ ಒತ್ತಿದರು. ತೆರೆಯಲಿಲ್ಲ.

‘ಇದು ಬರೀ ಶಾರ್ಟ್‌ಕಟ್ಟು ತಮ್ಮಾ. ಒಳಗೆ ಏನೂ ಇಲ್ಲ.’

‘ಏನೂ ಇಲ್ಲ ಅಂದ್ರೆ ಹೇಗೆ ಮಾರಾಯ್ರೆ? ಹೆಸರು ಕಾಣ್ತಾ ಇದೆಯಲ್ಲ?’ ಎಂದರು ತಂದೆ.

‘ಹೆಸರು ಕಾಣತ್ತೆ ಸಾರ್. ಫೈಲು ನಿಮ್ಮ ಮನೇಲೇ ಉಳಿದಿದೆ.’

ಹುಡುಗನ ಮುಖದಲ್ಲಿ ರಕ್ತ ಇಳಿದದ್ದನ್ನು ನಾನೇ ನೋಡಿದೆ. ತಂದೆಗೆ ಮಾತ್ರ ಮಗ ಏನೋ ಸುಳ್ಳು ಹೇಳುತ್ತಿದ್ದಾನೆ, ವರದಿಯನ್ನು ಬರೆದೇ ಇಲ್ಲ ಎಂಬ ಗುಮಾನಿ ಬಂದಂತಿತ್ತು. ಪಾಪ, ಅವರ ತಪ್ಪೂ ಅಲ್ಲ. ತಿಂಗಳುಗಟ್ಟಲೆ ರಾತ್ರಿ ಕೂತು ಬರೆದ ಐವತ್ತು ಪುಟ ಹೀಗೆ ಹೆಸರು ಮಾತ್ರ ಬಿಟ್ಟು ಮಾಯವಾಗುತ್ತದೆ ಎಂದರೆ ಯಾರು ನಂಬುತ್ತಾರೆ?

ಆ ಹುಡುಗನ ಕಥೆ ಏನಾಯಿತೆಂದು ಆಮೇಲೆ ಹೇಳುತ್ತೇನೆ. ಹೆಸರು ಒಂದು ಕಡೆ, ಕಡತ ಇನ್ನೊಂದು ಕಡೆ ಇರಲು ಹೇಗೆ ಸಾಧ್ಯ ಎಂಬುದನ್ನು ಈ ವಾರ ನೋಡೋಣ. ಇದರ ಹಿಂದೆ ಐವತ್ತು ವರ್ಷಕ್ಕೂ ಹಳೆಯದಾದ, ಬಹಳ ಸೊಗಸಾದ ಒಂದು ವಿಚಾರವಿದೆ. ಅದರ ತಿರುಳನ್ನು ಹಿಡಿಯಲು ಕಂಪ್ಯೂಟರ್ ತರಗತಿಗೆ ಹೋಗಬೇಕಿಲ್ಲ. ನನ್ನ ಕೈಯಲ್ಲಿದ್ದ ಪಹಣಿಯೇ ಸಾಕು.

ನಮ್ಮ ಊರುಗಳಲ್ಲಿ ಪ್ರತಿ ಜಮೀನಿಗೂ ಒಂದು ಸರ್ವೆ ನಂಬರ್ ಇರುತ್ತದೆ. ಆ ನಂಬರಿನ ಪಹಣಿಯಲ್ಲಿ ಯಾರ ಜಮೀನು, ಎಷ್ಟು ಎಕರೆ ಎಷ್ಟು ಗುಂಟೆ, ಖುಷ್ಕಿಯೋ ತರಿಯೋ ಎಲ್ಲ ಬರೆದಿರುತ್ತದೆ. ಆದರೆ ಊರಿನವರು ಸರ್ವೆ ನಂಬರ್ ಹಿಡಿದು ಮಾತಾಡುವುದಿಲ್ಲ. ‘ಆಲದಮರದ ಗದ್ದೆ’ ಎನ್ನುತ್ತಾರೆ. ಅದೇ ಗದ್ದೆಗೆ ಆಚೆ ಕೇರಿಯವರು ‘ಕೆರೆ ಕೆಳಗಿನ ಗದ್ದೆ’ ಎನ್ನಬಹುದು. ಹೆಸರು ಎರಡು, ಗದ್ದೆ ಒಂದು, ಸರ್ವೆ ನಂಬರೂ ಒಂದು. ಇವರು ಕರೆಯುವ ಈ ಹೆಸರುಗಳು ಪಹಣಿಯಲ್ಲಿ ಎಲ್ಲಿಯೂ ಇರುವುದಿಲ್ಲ.

ಯುನಿಕ್ಸ್ ಮತ್ತು ಅದರ ವಂಶಕ್ಕೆ ಸೇರಿದ ಲಿನಕ್ಸ್ ವ್ಯವಸ್ಥೆಗಳಲ್ಲಿ ಕಡತಗಳ ಏರ್ಪಾಡು ಹೆಚ್ಚು ಕಡಿಮೆ ಹೀಗೆಯೇ. ಡಿಸ್ಕಿನಲ್ಲಿರುವ ಪ್ರತಿ ಕಡತಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಗೆ ಒಂದು ದಾಖಲೆ. ಈ ದಾಖಲೆಯನ್ನು ಐನೋಡ್ ಎನ್ನುತ್ತಾರೆ. ಕಡತದ ಒಡೆಯ ಯಾರು, ಅದು ಎಷ್ಟು ಬೈಟ್ ಉದ್ದ, ಯಾರು ಓದಬಹುದು ಯಾರು ತಿದ್ದಬಹುದು, ಕೊನೆಯ ಬಾರಿ ತಿದ್ದಿದ್ದು ಯಾವಾಗ, ಒಳಗಿನ ಮಾಹಿತಿ ಡಿಸ್ಕಿನ ಯಾವ ಯಾವ ತುಂಡುಗಳಲ್ಲಿ ಕೂತಿದೆ, ಇವೆಲ್ಲ ಅದರಲ್ಲಿರುತ್ತವೆ. ಕಡತದ ಹೆಸರು ಮಾತ್ರ ಇರುವುದಿಲ್ಲ! ಮೊದಲ ಸಲ ಇದನ್ನು ಕೇಳಿದವರಿಗೆಲ್ಲ ಅಚ್ಚರಿಯಾಗುತ್ತದೆ. ಹಾಗಾದರೆ ಹೆಸರು ಎಲ್ಲಿದೆ? ಅದು ಇರುವುದು ಡೈರೆಕ್ಟರಿಯಲ್ಲಿ. ಇದನ್ನೇ ಈಗ ಫೋಲ್ಡರ್ ಎನ್ನುತ್ತೇವೆ. ಫೋಲ್ಡರ್ ಎಂದರೆ ಕಡತಗಳನ್ನು ತುಂಬಿಟ್ಟ ಪೆಟ್ಟಿಗೆ ಎಂಬ ಭಾವನೆ ನಮಗಿದೆ. ನಿಜದಲ್ಲಿ ಅದೊಂದು ಹಾಜರಿ ಪುಸ್ತಕದಂಥ ಪಟ್ಟಿ, ಅಷ್ಟೆ. ಎಡಗಡೆ ಹೆಸರು, ಬಲಗಡೆ ಐನೋಡ್ ಸಂಖ್ಯೆ.

ಒಂದೇ ಸಂಖ್ಯೆಯ ಎದುರು ಎರಡು ಹೆಸರು ಬರೆದರೆ? ಗದ್ದೆಗೆ ಎರಡು ಹೆಸರಿದ್ದಂತೆಯೇ ಆಯಿತು. ಇದಕ್ಕೆ ಹಾರ್ಡ್ ಲಿಂಕ್ ಎಂದು ಹೆಸರು; ನಾವು ಗಟ್ಟಿಕೊಂಡಿ ಎನ್ನೋಣ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ರೂಪಿಸಿದ ಯುನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರ್‌ನಲ್ಲಿ ಬಂದಾಗಲೇ ಇದನ್ನು ಮಾಡುವ ‘ಎಲ್‌ಎನ್’ ಎಂಬ ಆಜ್ಞೆ ಅದರಲ್ಲಿತ್ತು. ಗಟ್ಟಿಕೊಂಡಿಯಲ್ಲಿ ಅಸಲು ಹೆಸರು, ನಕಲಿ ಹೆಸರು ಎಂಬ ಭೇದವಿಲ್ಲ. ಮನೆಯಲ್ಲಿ ಪುಟ್ಟಣ್ಣ, ಶಾಲೆಯ ರಿಜಿಸ್ಟರಿನಲ್ಲಿ ಶಿವಕುಮಾರ. ಯಾವ ಹೆಸರಿನಿಂದ ಕರೆದರೂ ತಿರುಗಿ ನೋಡುವವನು ಒಬ್ಬನೇ.

ಇಲ್ಲಿ ‘ಅಳಿಸು’ ಎಂಬ ಮಾತಿನ ಅರ್ಥವೂ ಬದಲಾಗುತ್ತದೆ. ಯುನಿಕ್ಸ್‌ನಲ್ಲಿ ಕಡತವನ್ನು ಅಳಿಸಿದಾಗ ವಾಸ್ತವವಾಗಿ ನಡೆಯುವುದು ಪಟ್ಟಿಯಿಂದ ಒಂದು ಹೆಸರನ್ನು ಹೊಡೆದುಹಾಕುವ ಕೆಲಸ. ತನಗೆ ಎಷ್ಟು ಹೆಸರಿವೆ ಎಂಬ ಲೆಕ್ಕವನ್ನು ಐನೋಡ್ ತಾನೇ ಇಟ್ಟುಕೊಂಡಿರುತ್ತದೆ. ಹೆಸರು ಎರಡಿದ್ದದ್ದು ಒಂದಾದರೆ ಕಡತಕ್ಕೆ ಏನೂ ಆಗುವುದಿಲ್ಲ. ಲೆಕ್ಕ ಸೊನ್ನೆಗೆ ಇಳಿದು, ಯಾವ ಪ್ರೋಗ್ರಾಮೂ ಅದನ್ನು ತೆರೆದಿಟ್ಟುಕೊಂಡಿಲ್ಲ ಎಂದಾದ ಮೇಲಷ್ಟೇ ಆ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡಲಾಗುತ್ತದೆ.

ಇಷ್ಟು ಚೆನ್ನಾಗಿರುವ ಗಟ್ಟಿಕೊಂಡಿಗೆ ಎರಡು ದೊಡ್ಡ ಮಿತಿಗಳಿವೆ. ಮೊದಲನೆಯದನ್ನು ರೈತರ ಮಕ್ಕಳು ತಕ್ಷಣ ಊಹಿಸಬಲ್ಲರು. ಸರ್ವೆ ನಂಬರ್ 52 ಎಂದರೆ ಯಾವ ಊರಿನ 52? ನಮ್ಮೂರಲ್ಲೂ ಒಂದು 52 ಇದೆ, ಪಕ್ಕದ ಊರಲ್ಲೂ ಒಂದು 52 ಇದೆ. ಐನೋಡ್ ಸಂಖ್ಯೆಯೂ ಹಾಗೆ, ಆಯಾ ಡಿಸ್ಕಿನ ಅಥವಾ ಡಿಸ್ಕಿನ ಆಯಾ ಭಾಗದ ಮಟ್ಟಿಗೆ ಮಾತ್ರ ಅರ್ಥವುಳ್ಳದ್ದು. ಈ ಡಿಸ್ಕಿನ ಪಟ್ಟಿಯಲ್ಲಿ ಆ ಡಿಸ್ಕಿನ ಸಂಖ್ಯೆಯನ್ನು ಬರೆದುಕೊಂಡರೆ ಅದು ಇನ್ಯಾರದೋ ಗದ್ದೆಯನ್ನು ತೋರಿಸುತ್ತದೆ. ಎರಡನೆಯದು, ಫೋಲ್ಡರಿಗೇ ಗಟ್ಟಿಕೊಂಡಿ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಬಿಟ್ಟರೆ ಅಜ್ಜನ ಫೋಲ್ಡರು ಮೊಮ್ಮಗನ ಫೋಲ್ಡರಿನೊಳಗೆ ಕೂತು, ವಂಶವೃಕ್ಷ ಬಳ್ಳಿಯಂತೆ ಸುತ್ತಿಕೊಂಡು, ಹುಡುಕುವ ಪ್ರೋಗ್ರಾಮುಗಳು ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತಿರುತ್ತವೆ.

ಈ ತೊಡಕಿಗೆ ಬೇರೆಯದೇ ಒಂದು ದಾರಿ ತೋರಿದ್ದು ಸಿಂಬಾಲಿಕ್ ಲಿಂಕ್, ಕನ್ನಡದಲ್ಲಿ ಸಾಂಕೇತಿಕ ಕೊಂಡಿ. ಕಲ್ಪನೆ ಪೂರ್ತಿ ಹೊಸದೇನಲ್ಲ. 1960ರ ದಶಕದ ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲೇ ಇಂಥದೊಂದು ಕೊಂಡಿ ಇತ್ತು. ಯುನಿಕ್ಸ್ ಪ್ರಪಂಚದಲ್ಲಿ ಅದು ಮನೆಮಾತಾದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದವರು 1983ರಲ್ಲಿ ಹೊರತಂದ 4.2 ಬಿಎಸ್‌ಡಿ ಆವೃತ್ತಿಯ ಮೂಲಕ. ಕಡತ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದ ಆ ತಂಡದಲ್ಲಿ ಕಿರ್ಕ್ ಮೆಕ್ಯುಸಿಕ್, ಬಿಲ್ ಜಾಯ್ ಮೊದಲಾದವರಿದ್ದರು.

ಅವರ ಉಪಾಯ ಎಷ್ಟು ಸರಳವೆಂದರೆ, ಕೇಳಿದ ಮೇಲೆ ‘ಇಷ್ಟೇನಾ’ ಅನಿಸುತ್ತದೆ. ಒಂದು ಪುಟ್ಟ ಕಡತ ಮಾಡಿ. ಅದರೊಳಗೆ ಇನ್ನೊಂದು ಕಡತದ ವಿಳಾಸ ಬರೆಯಿರಿ. ‘ಇದು ಸಾಮಾನ್ಯ ಕಡತವಲ್ಲ, ಕೊಂಡಿ’ ಎಂದು ಐನೋಡಿನಲ್ಲಿ ಗುರುತು ಹಾಕಿ. ಕೆಲಸ ಮುಗಿಯಿತು. ಅಂಗಡಿ ಬೇರೆ ಕಡೆಗೆ ಹೋದಾಗ ಹಳೆಯ ಬಾಗಿಲಿಗೆ ‘ಅಂಗಡಿಯು ನೆಹರೂ ರಸ್ತೆಗೆ ಸ್ಥಳಾಂತರಗೊಂಡಿದೆ’ ಎಂದು ಬೋರ್ಡು ಹಾಕುವುದಿಲ್ಲವೇ, ಅದೇ. ಬೋರ್ಡಿನಲ್ಲಿ ಅಕ್ಕಿಯೂ ಇಲ್ಲ, ಬೇಳೆಯೂ ಇಲ್ಲ; ವಿಳಾಸ ಮಾತ್ರ ಇದೆ.

ಬೋರ್ಡನ್ನು ಓದುವವರು ಯಾರು ಎಂಬುದೇ ಇಲ್ಲಿ ಮುಖ್ಯ. ಓದುವುದು ಕಾರ್ಯನಿರ್ವಹಣಾ ವ್ಯವಸ್ಥೆಯ ಒಳಮನೆ, ಅಂದರೆ ಕರ್ನಲ್. ಪ್ರೋಗ್ರಾಮೊಂದು ಕಡತ ಕೇಳಿದಾಗ ಕರ್ನಲ್ ವಿಳಾಸವನ್ನು ಒಂದೊಂದೇ ಮೆಟ್ಟಿಲಾಗಿ ಹತ್ತುತ್ತದೆ. ನಡುವೆ ಕೊಂಡಿ ಸಿಕ್ಕರೆ ಅದರಲ್ಲಿ ಬರೆದ ವಿಳಾಸವನ್ನು ಅಲ್ಲಿಗೆ ಅಂಟಿಸಿ ನಡಿಗೆ ಮುಂದುವರಿಸುತ್ತದೆ. ಕೇಳಿದ ಪ್ರೋಗ್ರಾಮಿಗೆ ಇದರ ಸುಳಿವೇ ಇರುವುದಿಲ್ಲ. ನೀವು ಮನೆ ಬದಲಿಸಿದಾಗ ಅಂಚೆ ಕಚೇರಿಗೆ ಹೊಸ ವಿಳಾಸ ಕೊಟ್ಟಿದ್ದರೆ ಹಳೆಯ ವಿಳಾಸಕ್ಕೆ ಬಂದ ಕಾಗದವನ್ನು ಪೋಸ್ಟ್‌ಮ್ಯಾನ್ ತಾನೇ ಹೊಸ ಮನೆಗೆ ತಲುಪಿಸುತ್ತಾರಲ್ಲ, ಬರೆದವರಿಗೆ ಗೊತ್ತೇ ಆಗದಂತೆ, ಹಾಗೆ.

ಸಾಂಕೇತಿಕ ಕೊಂಡಿಗೆ ಊರ ಗಡಿಯ ಹಂಗಿಲ್ಲ. ಅದರಲ್ಲಿರುವುದು ಸರ್ವೆ ನಂಬರ್ ಅಲ್ಲ, ಬರಿಯ ಬರಹ. ಬೇರೆ ಡಿಸ್ಕಿನ ಕಡತವನ್ನೂ ತೋರಿಸಬಹುದು, ಫೋಲ್ಡರನ್ನೂ ತೋರಿಸಬಹುದು. ಇನ್ನೂ ತಮಾಷೆಯೆಂದರೆ, ಇಲ್ಲದ ಕಡತವನ್ನೂ ತೋರಿಸಬಹುದು! ಕೊಂಡಿ ಹಾಕುವಾಗ ಆ ತುದಿಯಲ್ಲಿ ಏನಾದರೂ ಇದೆಯೇ ಎಂದು ಯಾರೂ ನೋಡುವುದಿಲ್ಲ. ಅಂಗಡಿ ತೆರೆಯುವ ಮೊದಲೇ ಬೋರ್ಡು ಬರೆಸಿಟ್ಟ ಹಾಗೆ. ಅಂಗಡಿ ಮುಚ್ಚಿದ ಮೇಲೂ ಬೋರ್ಡು ನೇತಾಡುತ್ತಲೇ ಇರುತ್ತದೆ. ಇಂಥದನ್ನು ತೂಗಾಡುವ ಕೊಂಡಿ ಎನ್ನುತ್ತಾರೆ. ಅದನ್ನು ತೆರೆಯಲು ಹೋದರೆ ‘ಅಂಥ ಕಡತ ಇಲ್ಲ’ ಎಂಬ ಉತ್ತರ ಬರುತ್ತದೆ. ಕಣ್ಣೆದುರಿಗೇ ಹೆಸರು ಕಾಣುತ್ತಿರುವಾಗ ಕಂಪ್ಯೂಟರ್ ಹೀಗೆಂದರೆ ಹೊಸಬರು ತಬ್ಬಿಬ್ಬಾಗುತ್ತಾರೆ. ಇಲ್ಲದಿರುವುದು ಬೋರ್ಡಲ್ಲ, ಅಂಗಡಿ.

ಇಬ್ಬರು ಒಬ್ಬರನ್ನೊಬ್ಬರು ತೋರಿಸಿದರೆ? ‘ಅವರನ್ನು ಕೇಳಿ’ ಎಂದು ಒಂದು ಟೇಬಲ್ಲು, ‘ಇವರನ್ನು ಕೇಳಿ’ ಎಂದು ಇನ್ನೊಂದು ಟೇಬಲ್ಲು; ಕಚೇರಿ ಕೆಲಸಕ್ಕೆ ಅಲೆದವರಿಗೆ ಇದರ ಅನುಭವ ಚೆನ್ನಾಗಿಯೇ ಇರುತ್ತದೆ. ಕರ್ನಲ್ ನಮ್ಮ ಹಾಗೆ ದಿನವಿಡೀ ಅಲೆಯುವುದಿಲ್ಲ. ದಾರಿಯಲ್ಲಿ ಎಷ್ಟು ಕೊಂಡಿ ದಾಟಿದೆ ಎಂದು ಎಣಿಸುತ್ತಿರುತ್ತದೆ. ಲಿನಕ್ಸ್‌ನಲ್ಲಿ ಈ ಮಿತಿ 40. ಅಷ್ಟಕ್ಕೂ ಮುಗಿಯದಿದ್ದರೆ ‘ಕೊಂಡಿಗಳು ಅತಿಯಾದವು’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ.

ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ವಿಳಾಸ ಬರೆಯುವ ರೀತಿಯಲ್ಲಿ. ವಿಳಾಸದಲ್ಲಿ ಎರಡು ಬಗೆ. ‘ಮನೆ ನಂಬರ್ 14, ಮೂರನೇ ಅಡ್ಡರಸ್ತೆ, ಚಾಮರಾಜಪುರಂ, ಮೈಸೂರು’ ಎಂಬುದು ಪೂರ್ಣ ವಿಳಾಸ. ಎಲ್ಲಿ ನಿಂತು ಓದಿದರೂ ಅದೇ ಮನೆ. ‘ಪಕ್ಕದ ಮನೆಯಲ್ಲಿ ಕೇಳಿ’ ಎಂಬುದು ಸಾಪೇಕ್ಷ ವಿಳಾಸ. ಯಾವುದರ ಪಕ್ಕ? ಬೋರ್ಡು ನೇತುಹಾಕಿದ ಬಾಗಿಲಿನ ಪಕ್ಕ. ಬೋರ್ಡು ಬರೆದವನು ಎಲ್ಲಿ ಕೂತು ಬರೆದ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಹೊಸಬರು ತಾವು ನಿಂತಿರುವ ಫೋಲ್ಡರಿನಿಂದ ದಾರಿ ಎಣಿಸಿ, ಕೊಂಡಿಯನ್ನು ಒಯ್ದು ಬೇರೆ ಫೋಲ್ಡರಿನಲ್ಲಿ ನೆಡುತ್ತಾರೆ. ಕೊಂಡಿ ತನ್ನ ಜಾಗದಿಂದ ‘ಪಕ್ಕದ ಮನೆ’ ಹುಡುಕುತ್ತದೆ, ಸಿಗುವುದಿಲ್ಲ. ಲ್ಯಾಬಿನಲ್ಲಿ ಅರ್ಧ ದಿನ ಕಳೆಯಲು ಈ ಒಂದು ತಪ್ಪು ಸಾಕು.

ಹಾಗೆಂದು ಸಾಪೇಕ್ಷ ವಿಳಾಸ ಕೀಳೆಂದು ತಿಳಿಯಬೇಡಿ. ಇಡೀ ಫೋಲ್ಡರನ್ನು ಎತ್ತಿ ಬೇರೆ ಕಡೆ ಇಟ್ಟರೆ ಒಳಗಿನ ಸಾಪೇಕ್ಷ ಕೊಂಡಿಗಳು ಕೆಡುವುದಿಲ್ಲ. ಕೇರಿಯ ಮನೆಗಳೆಲ್ಲ ಒಟ್ಟಿಗೇ ಸ್ಥಳಾಂತರವಾದರೆ ಪಕ್ಕದ ಮನೆ ಪಕ್ಕದ ಮನೆಯಾಗಿಯೇ ಉಳಿಯುತ್ತದೆ. ಪೂರ್ಣ ವಿಳಾಸ ಬರೆದಿದ್ದರೆ ಎಲ್ಲವೂ ಹಳೆಯ ಊರನ್ನೇ ತೋರಿಸುತ್ತಿರುತ್ತವೆ.

ಲಿನಕ್ಸ್ ಇರುವ ಕಂಪ್ಯೂಟರ್ ಸಿಕ್ಕರೆ ಒಂದು ಸಣ್ಣ ಪ್ರಯೋಗ ಮಾಡಿ. ‘ಪದ್ಯ’ ಎಂಬ ಹೆಸರಿನ ಕಡತದಲ್ಲಿ ನಾಲ್ಕು ಸಾಲು ಬರೆದಿಡಿ. ಎಲ್‌ಎನ್ ಆಜ್ಞೆಯಿಂದ ಅದಕ್ಕೆ ‘ಕವನ’ ಎಂಬ ಗಟ್ಟಿಕೊಂಡಿ ಹಾಕಿ. ಅದೇ ಆಜ್ಞೆಗೆ ‘ಮೈನಸ್ ಎಸ್’ ಸೇರಿಸಿ ‘ದಾರಿ’ ಎಂಬ ಸಾಂಕೇತಿಕ ಕೊಂಡಿ ಹಾಕಿ. ಈಗ ‘ಎಲ್‌ಎಸ್ ಮೈನಸ್ ಎಲ್’ ಎಂದು ಕೇಳಿದರೆ ‘ದಾರಿ’ಯ ಮುಂದೆ ಒಂದು ಬಾಣ, ಬಾಣದ ಮುಂದೆ ‘ಪದ್ಯ’ ಎಂದು ಕಾಣುತ್ತದೆ. ಮೂರರಲ್ಲಿ ಯಾವುದನ್ನು ತೆರೆದರೂ ಅದೇ ನಾಲ್ಕು ಸಾಲು. ಇನ್ನು ‘ಪದ್ಯ’ವನ್ನು ಅಳಿಸಿ. ‘ಕವನ’ ತೆರೆಯುತ್ತದೆ, ‘ದಾರಿ’ ತೆರೆಯುವುದಿಲ್ಲ. ‘ಪದ್ಯ’ ಎಂಬ ಹೆಸರಿನಲ್ಲೇ ಹೊಸ ಕಡತ ಮಾಡಿ ಬೇರೆ ಏನಾದರೂ ಬರೆಯಿರಿ. ‘ಕವನ’ದಲ್ಲಿ ಹಳೆಯ ಸಾಲುಗಳೇ ಇವೆ, ‘ದಾರಿ’ ಹೊಸದನ್ನು ತೋರಿಸುತ್ತದೆ. ಗಟ್ಟಿಕೊಂಡಿ ಹಿಡಿದಿರುವುದು ಗದ್ದೆಯನ್ನು, ಸಾಂಕೇತಿಕ ಕೊಂಡಿ ಹಿಡಿದಿರುವುದು ಹೆಸರನ್ನು.

ಇನ್ನೊಂದು ಕುತೂಹಲ. ಸಾಂಕೇತಿಕ ಕೊಂಡಿಯ ಗಾತ್ರವೆಂದರೆ ಅದರೊಳಗಿನ ವಿಳಾಸದ ಉದ್ದ, ಅಷ್ಟೆ. ‘ದಾರಿ’ಯ ಗಾತ್ರ ನೋಡಿದರೆ 12 ಬೈಟ್ ಎಂದು ಬರುತ್ತದೆ. ‘ಪದ್ಯ’ ಎರಡಕ್ಷರದ ಪದ, 12 ಎಲ್ಲಿಂದ ಬಂತು? ಯೂನಿಕೋಡ್ ಲೆಕ್ಕದಲ್ಲಿ ಅದು ಪ, ದ, ಒತ್ತಿಗೆ ಬೇಕಾದ ವಿರಾಮ ಚಿಹ್ನೆ, ಯ ಎಂದು ನಾಲ್ಕು ಸಂಕೇತ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಬರಹ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. ವಿಳಾಸ 60 ಬೈಟಿಗಿಂತ ಚಿಕ್ಕದಾಗಿದ್ದರೆ ಲಿನಕ್ಸ್‌ನಲ್ಲಿ ಬಹುವಾಗಿ ಬಳಸುವ ಎಕ್ಸ್ಟ್4 ಕಡತ ವ್ಯವಸ್ಥೆ ಅದಕ್ಕೆ ಡಿಸ್ಕಿನಲ್ಲಿ ಬೇರೆ ಜಾಗವನ್ನೇ ಕೊಡುವುದಿಲ್ಲ, ಐನೋಡಿನ ಒಳಗೇ ಬರೆದುಬಿಡುತ್ತದೆ. ಜಮೀನಿನ ಅಗತ್ಯವೇ ಇಲ್ಲದೆ ಪಹಣಿಯಲ್ಲೇ ಮುಗಿದುಹೋಗುವ ವ್ಯವಹಾರ.

ಇದೆಲ್ಲ ಲ್ಯಾಬಿನವರ ಆಟ, ನಮಗೇನು ಎಂದು ತಾಯಿತಂದೆಯರು ಕೇಳಬಹುದು. ನಿಮ್ಮ ಆಂಡ್ರಾಯ್ಡ್ ಫೋನನ್ನೇ ನೋಡಿ. ಅದರ ಒಡಲಲ್ಲಿರುವುದು ಲಿನಕ್ಸ್ ಕರ್ನಲ್. ಫೋನಿಗೆ ನೀವು ಎಸ್‌ಡಿ ಕಾರ್ಡ್ ಹಾಕಿರದಿದ್ದರೂ ಒಳಗೆ ‘ಎಸ್‌ಡಿಕಾರ್ಡ್’ ಎಂಬ ಹೆಸರು ಇದ್ದೇ ಇರುತ್ತದೆ. ಅದೊಂದು ಸಾಂಕೇತಿಕ ಕೊಂಡಿ. ಅದು ತೋರಿಸುವ ಜಾಗವೂ ಇನ್ನೊಂದು ಕೊಂಡಿಯೇ, ಅಲ್ಲಿಂದ ಮುಂದೆ ಫೋನಿನ ಒಳ ಸಂಗ್ರಹಕ್ಕೆ ದಾರಿ. ಮೊದಲ ಫೋನುಗಳಲ್ಲಿ ಚಿತ್ರ, ಹಾಡುಗಳೆಲ್ಲ ನಿಜವಾದ ಕಾರ್ಡಿನಲ್ಲೇ ಇರುತ್ತಿದ್ದವು. ಆ ಹೆಸರನ್ನು ನಂಬಿ ಬರೆದ ಪ್ರೋಗ್ರಾಮುಗಳು ಕೆಡದಿರಲೆಂದು ಹೆಸರನ್ನು ಉಳಿಸಿಕೊಂಡು ಬಂದರು.

ಇದಕ್ಕಿಂತ ನನಗೆ ಇಷ್ಟವಾದ ಉದಾಹರಣೆ ಗಡಿಯಾರದ್ದು. ಲಿನಕ್ಸ್ ಕಂಪ್ಯೂಟರಿಗೆ ತಾನು ಯಾವ ದೇಶದ ಕಾಲವನ್ನು ತೋರಿಸಬೇಕೆಂದು ತಿಳಿಯುವುದು ‘ಲೋಕಲ್‌ಟೈಮ್’ ಎಂಬ ಹೆಸರಿನಿಂದ. ಸಾಮಾನ್ಯವಾಗಿ ಇದೊಂದು ಸಾಂಕೇತಿಕ ಕೊಂಡಿ. ಭಾರತದ ಕಂಪ್ಯೂಟರುಗಳಲ್ಲಿ ಅದು ‘/ಯುಎಸ್‌ಆರ್/ಶೇರ್/ಜೋನ್‌ಇನ್ಫೋ/ಏಷ್ಯಾ/ಕೋಲ್ಕತಾ’ ಎಂಬ ಕಡತವನ್ನು ತೋರಿಸುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಬರೆದು ಓರೆಗೆರೆಗಳನ್ನೂ ಸೇರಿಸಿ ಎಣಿಸಿದರೆ 32 ಅಕ್ಷರ. ಕೊಂಡಿಯ ಗಾತ್ರವೂ ಸರಿಯಾಗಿ 32 ಬೈಟ್. ಕೆಲವು ಕಂಪ್ಯೂಟರುಗಳಲ್ಲಿ ಇದನ್ನೇ ಸಾಪೇಕ್ಷವಾಗಿ ಬರೆದಿರುವುದರಿಂದ ಎರಡು ಚುಕ್ಕೆ ಹೆಚ್ಚಾಗಿ 34 ಆಗುತ್ತದೆ. ಬೆಂಗಳೂರಿನ ಕಂಪ್ಯೂಟರೂ ಕೋಲ್ಕತಾ ಹೆಸರನ್ನೇ ಹಿಡಿದು ಗಂಟೆ ಹೇಳುತ್ತದೆ, ಏಕೆಂದರೆ ದೇಶಕ್ಕೆಲ್ಲ ಒಂದೇ ಕಾಲ. ನೀವು ವಿದೇಶಕ್ಕೆ ಹೋಗಿ ಕಾಲವಲಯ ಬದಲಿಸಿದರೆ ಆಗುವುದು ಹಳೆಯ ಬೋರ್ಡು ತೆಗೆದು ‘ಏಷ್ಯಾ/ದುಬೈ’ ಎಂಬ ಬೋರ್ಡು ಹಾಕುವ ಕೆಲಸ, ಅಷ್ಟೆ. ಆ ನಗರ 2001ರಲ್ಲಿ ಕಲ್ಕತ್ತೆಯಿಂದ ಕೋಲ್ಕತಾ ಆಯಿತಲ್ಲ? ಹಳೆಯ ‘ಏಷ್ಯಾ/ಕ್ಯಾಲ್ಕಟಾ’ ಎಂಬ ಹೆಸರನ್ನು ಕಾಲವಲಯಗಳ ಪಟ್ಟಿಯಿಂದ ಕಿತ್ತುಹಾಕಲಿಲ್ಲ. ಅದನ್ನು ಹೊಸ ಹೆಸರಿಗೆ ಕೊಂಡಿಯಾಗಿಸಿದರು. ಹಳೆಯ ಹೆಸರಿನಲ್ಲಿ ಕೇಳುವ ಪ್ರೋಗ್ರಾಮುಗಳಿಗೂ ಸರಿಯಾದ ಉತ್ತರವೇ ಸಿಗುತ್ತದೆ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಬೆಂಗಳೂರಾದ ಮೇಲೂ ಹಳೆಯ ಹೆಸರಿನ ಕಾಗದಗಳು ತಲುಪುತ್ತಿಲ್ಲವೇ?

ಕೊಂಡಿಯಿಂದ ಕಳ್ಳತನವೂ ಸಾಧ್ಯ. ಯುನಿಕ್ಸ್‌ನಲ್ಲಿ ಎಲ್ಲರೂ ಬರೆಯಬಹುದಾದ ‘ಟೆಂಪ್’ ಎಂಬ ಫೋಲ್ಡರಿದೆ, ಊರ ಗೋಮಾಳದಂತೆ. ಸರ್ವಾಧಿಕಾರವುಳ್ಳ ಪ್ರೋಗ್ರಾಮೊಂದು ಅಲ್ಲಿ ಪ್ರತಿದಿನ ಒಂದೇ ಹೆಸರಿನ ತಾತ್ಕಾಲಿಕ ಕಡತ ಬರೆಯುತ್ತದೆ ಎಂದುಕೊಳ್ಳಿ. ಇದನ್ನು ಗಮನಿಸಿದ ಕಿಡಿಗೇಡಿ ಅದಕ್ಕಿಂತ ಮೊದಲೇ ಹೋಗಿ ಅದೇ ಹೆಸರಿನ ಸಾಂಕೇತಿಕ ಕೊಂಡಿ ಇಟ್ಟು, ಅದರ ತುದಿಯನ್ನು ಬಳಕೆದಾರರ ಪಟ್ಟಿಯಂಥ ಮಹತ್ವದ ಕಡತದ ಕಡೆಗೆ ತಿರುಗಿಸುತ್ತಾನೆ. ಪಾಪದ ಪ್ರೋಗ್ರಾಮು ತನ್ನದೇ ಕಡತವೆಂದು ತಿಳಿದು ಬರೆಯುತ್ತದೆ. ಹಾಳಾಗುವುದು ಮಾತ್ರ ಇನ್ನೊಂದು. ಇಂಥ ಮೋಸಕ್ಕೆ ದಶಕಗಳ ಇತಿಹಾಸವಿದೆ. 2012ರಲ್ಲಿ ಬಂದ ಲಿನಕ್ಸ್ 3.6 ಕರ್ನಲ್‌ನಲ್ಲಿ ಇಂಥ ಸಾರ್ವಜನಿಕ ಫೋಲ್ಡರುಗಳಲ್ಲಿ ಅನ್ಯರು ಇಟ್ಟ ಕೊಂಡಿಯನ್ನು ಹಿಂಬಾಲಿಸದಂತೆ ತಡೆಯುವ ಏರ್ಪಾಡು ಸೇರಿತು.

ಈಗ ಜೆರಾಕ್ಸ್ ಅಂಗಡಿಗೆ ಮರಳೋಣ. ಹುಡುಗನ ಮನೆಯಲ್ಲಿದ್ದದ್ದು ವಿಂಡೋಸ್. ಅವನು ತಂದ ಶಾರ್ಟ್‌ಕಟ್ ಸಾಂಕೇತಿಕ ಕೊಂಡಿಯ ದೂರದ ದಾಯಾದಿ. 1995ರ ವಿಂಡೋಸ್‌ನೊಂದಿಗೆ ಬಂದದ್ದು. ಇದರಲ್ಲೂ ವಿಳಾಸವೇ ಇರುತ್ತದೆ, ಆದರೆ ಅದನ್ನು ಓದುವುದು ಕರ್ನಲ್ ಅಲ್ಲ, ತೆರೆಯ ಮೇಲೆ ಚಿತ್ರಗಳನ್ನು ತೋರಿಸುವ ಎಕ್ಸ್‌ಪ್ಲೋರರ್‌ನಂಥ ಪ್ರೋಗ್ರಾಮು. ಉಳಿದ ಪ್ರೋಗ್ರಾಮುಗಳ ಪಾಲಿಗೆ ಅದು ಒಂದೆರಡು ಕಿಲೋಬೈಟ್‌ನ ಅರ್ಥವಾಗದ ಕಡತ. ಅದರ ಹೆಸರಿನ ಕೊನೆಗೆ ಇರುವ ‘ಎಲ್‌ಎನ್‌ಕೆ’ ಎಂಬ ಬಾಲವನ್ನು ವಿಂಡೋಸ್ ತೋರಿಸುವುದೇ ಇಲ್ಲವಾದ್ದರಿಂದ ಅಸಲಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ನಿಜವಾದ ಸಾಂಕೇತಿಕ ಕೊಂಡಿಯೂ ವಿಂಡೋಸಿಗೆ ಬಂದಿದೆ, 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಿಂದ. ಅದಕ್ಕೂ ಮೊದಲು ವಿಂಡೋಸ್ 2000ದಲ್ಲಿ ಫೋಲ್ಡರುಗಳಿಗಷ್ಟೇ ಅನ್ವಯಿಸುವ ಜಂಕ್ಷನ್ ಎಂಬ ಕೊಂಡಿ ಬಂದಿತ್ತು. ಆದರೆ ಮನೆಮನೆಯ ಡೆಸ್ಕ್‌ಟಾಪಿನಲ್ಲಿ ರಾಜ್ಯಭಾರ ಮಾಡುತ್ತಿರುವುದು ಶಾರ್ಟ್‌ಕಟ್ಟೇ.

ನಡೆದದ್ದು ಇಷ್ಟು. ವರದಿ ಇದ್ದದ್ದು ‘ಡಿ’ ಡ್ರೈವಿನಲ್ಲಿ. ಬೇಗ ಕೈಗೆ ಸಿಗಲೆಂದು ಹುಡುಗನ ಅಕ್ಕ ಅದರ ಶಾರ್ಟ್‌ಕಟ್ಟನ್ನು ಡೆಸ್ಕ್‌ಟಾಪಿನ ಮೇಲೆ ಇಟ್ಟಿದ್ದರು. ತಿಂಗಳುಗಟ್ಟಲೆ ಹುಡುಗ ಅದನ್ನೇ ಒತ್ತಿ ತೆರೆದು ಬರೆದ. ಬರೆದದ್ದೆಲ್ಲ ‘ಡಿ’ ಡ್ರೈವಿನ ಅಸಲು ಕಡತಕ್ಕೆ ಸೇರುತ್ತಿತ್ತು. ಹೊರಡುವ ಹಿಂದಿನ ರಾತ್ರಿ ಡೆಸ್ಕ್‌ಟಾಪಿನಲ್ಲಿ ಕಂಡದ್ದನ್ನೇ ಪೆನ್ ಡ್ರೈವಿಗೆ ನಕಲು ಮಾಡಿದ. ಬೋರ್ಡು ಬಸ್ಸು ಹತ್ತಿತು, ಅಂಗಡಿ ಮನೆಯಲ್ಲೇ ಉಳಿಯಿತು. ಶಿವಮೊಗ್ಗದಲ್ಲಿ ಆ ಬೋರ್ಡು ಜೆರಾಕ್ಸ್‌ನವರ ‘ಡಿ’ ಡ್ರೈವಿನಲ್ಲಿ ಹುಡುಗನ ವರದಿಯನ್ನು ಹುಡುಕುತ್ತಿತ್ತು!

ಲಿನಕ್ಸ್‌ನವರೂ ಇದರಿಂದ ಪಾರಾದವರಲ್ಲ. ಹಲವು ಕಡತಗಳನ್ನು ಒಂದು ಗಂಟು ಕಟ್ಟುವ ‘ಟಾರ್’ ಎಂಬ ಪ್ರೋಗ್ರಾಮು ಕೊಂಡಿಯನ್ನು ಕೊಂಡಿಯಾಗಿಯೇ ಕಟ್ಟುತ್ತದೆ. ಒಳಗಿನ ಅಸಲು ಬೇಕಾದರೆ ‘ಮೈನಸ್ ಎಚ್’ ಎಂದು ಸೇರಿಸಿ ಹೇಳಬೇಕು. ಕಾಲೇಜಿನ ಲ್ಯಾಬಿನಲ್ಲಿ ಕಟ್ಟಿದ ಗಂಟನ್ನು ಮನೆಯಲ್ಲಿ ಬಿಚ್ಚಿ, ಒಳಗೆ ತೂಗಾಡುವ ಕೊಂಡಿಗಳನ್ನು ಮಾತ್ರ ಕಂಡು ಮರುದಿನ ಮತ್ತೆ ಲ್ಯಾಬಿಗೆ ಓಡಿದವರಿದ್ದಾರೆ. ಇನ್ನು ಕೆಲವರು ಕೊಂಡಿಯನ್ನು ನಕಲು ಪ್ರತಿ ಎಂದು ಭಾವಿಸಿ, ಡಿಸ್ಕಿನಲ್ಲಿ ಜಾಗ ಸಾಲದಾದಾಗ ‘ಎರಡೆರಡು ಯಾಕೆ’ ಎಂದು ಅಸಲನ್ನೇ ಅಳಿಸುತ್ತಾರೆ. ಪೆನ್ ಡ್ರೈವಿನವರಿಗೆ ಮರುದಿನ ಹೋಗಿ ತರುವ ಅವಕಾಶವಾದರೂ ಇದೆ, ಇವರಿಗೆ ಅದೂ ಇಲ್ಲ. ಮದುವೆಯ ಚಿತ್ರಗಳಿರುವ ಫೋಲ್ಡರನ್ನು ಮಕ್ಕಳು ‘ಕ್ಲೀನ್’ ಮಾಡುವಾಗ ಪಕ್ಕದಲ್ಲಿ ಕೂತು ನೋಡಿ.

ಹೊರಡುವ ಮೊದಲು ಕಡತದ ಗಾತ್ರ ನೋಡುವುದು ಒಳ್ಳೆಯ ಅಭ್ಯಾಸ. ಚಿತ್ರಗಳಿರುವ ಐವತ್ತು ಪುಟದ ವರದಿ ಒಂದೆರಡು ಕಿಲೋಬೈಟ್ ಇರಲು ಸಾಧ್ಯವೇ ಇಲ್ಲ. ಚಿತ್ರದ ಮೂಲೆಯಲ್ಲಿ ಪುಟ್ಟ ಬಾಣವಿದ್ದರೆ ಅದು ಶಾರ್ಟ್‌ಕಟ್. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದರೆ ಪೆನ್ ಡ್ರೈವನ್ನು ಅದಕ್ಕೆ ಸಿಕ್ಕಿಸಿ ಒಮ್ಮೆ ತೆರೆದು ನೋಡಿ. ಅದೇ ಕಂಪ್ಯೂಟರಿನಲ್ಲಿ ನೋಡಿದರೆ ಪ್ರಯೋಜನವಿಲ್ಲ, ಅಲ್ಲಿ ಬೋರ್ಡು ಹಿಡಿದು ಹೋದರೂ ಅಂಗಡಿ ಸಿಕ್ಕೇ ಸಿಗುತ್ತದೆ.

ಪೆನ್ ಡ್ರೈವಿನಲ್ಲಿ ಇದ್ದಬದ್ದ ಫೋಲ್ಡರುಗಳೆಲ್ಲ ಒಮ್ಮೆಗೇ ಶಾರ್ಟ್‌ಕಟ್ಟುಗಳಾಗಿ ಕಂಡರೆ ಮಾತ್ರ ವಿಷಯ ಬೇರೆ. ಅದು ವೈರಸ್ಸಿನ ಕೆಲಸ. ಈ ಜಾತಿಯವು ನಿಮ್ಮ ನಿಜವಾದ ಕಡತಗಳನ್ನು ಅಡಗಿಸಿ, ಅವುಗಳ ಹೆಸರಿನಲ್ಲೇ ಸುಳ್ಳು ಶಾರ್ಟ್‌ಕಟ್ಟುಗಳನ್ನು ಇಡುತ್ತವೆ. ಅವನ್ನು ಒತ್ತಿದರೆ ವೈರಸ್ಸು ಆ ಕಂಪ್ಯೂಟರಿಗೂ ಹತ್ತುತ್ತದೆ. ಹೆದರಿ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಡಿ. ಕಡತಗಳು ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತವೆ. ತಿಳಿದವರ ಕೈಯಲ್ಲಿ ಮೊದಲು ವೈರಸ್ ತೆಗೆಸಿ, ಆಮೇಲೆ ಅಡಗಿದ್ದನ್ನು ಹೊರತೆಗೆಸಿ.

ಹುಡುಗನ ಅಕ್ಕ ಆ ದಿನ ಮನೆಯಲ್ಲೇ ಇದ್ದರು. ಅಂಗಡಿಯವರೇ ಫೋನಿನಲ್ಲಿ ‘ಅಕ್ಕಾ, ಬಾಣದ ಗುರುತಿರೋದನ್ನ ಒತ್ತಬೇಡಿ, ಡಿ ಡ್ರೈವ್ ತೆಗೀರಿ’ ಎಂದು ದಾರಿ ಹೇಳಿಕೊಟ್ಟರು. ಹತ್ತೂಕಾಲಕ್ಕೆ ವರದಿ ವಾಟ್ಸ್ಆ್ಯಪ್ ಮೂಲಕ ಬಂತು. ಕಡತದ ಗಾತ್ರ ಆರು ಮೆಗಾಬೈಟ್ ಚಿಲ್ಲರೆ ಎಂದು ಅಂಗಡಿಯವರು ತಂದೆಗೆ ತೋರಿಸಿದರು. ಅವರು ಕನ್ನಡಕ ಏರಿಸಿ ನೋಡಿ, ಪೆನ್ ಡ್ರೈವಿನಲ್ಲಿದ್ದದ್ದು ಎಷ್ಟಿತ್ತು ಎಂದು ಕೇಳಿದರು. ಎರಡು ಕಿಲೋಬೈಟ್ ಎಂದಾಗ ‘ಹಾಗಾದ್ರೆ ರಾತ್ರೀನೇ ನೋಡಿದ್ರೆ ಗೊತ್ತಾಗ್ತಿತ್ತಲ್ಲೋ’ ಎಂದು ಮಗನತ್ತ ತಿರುಗಿದರು. ಹುಡುಗ ಆಗಲೇ ಪ್ರಿಂಟರಿನಿಂದ ಬರುತ್ತಿದ್ದ ಹಾಳೆಗಳನ್ನು ಎಣಿಸುತ್ತಿದ್ದ. ನನ್ನ ಪಹಣಿಯ ಸರದಿ ಬರುವಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.